ಹಿಮದೂರಿನಲ್ಲಿ ಕಾಯಿ ಸುಲಿಯುವ ಹಾರೆ

ಮುಖವಾಡದವನು ಕೊಡಲಿ ಹಿಡಿದು ಒಬ್ಬೊಬ್ಬರನ್ನೇ ಮುಗಿಸುವ ಸ್ಲ್ಯಾಷರ್ ಸಿನಿಮಾ ಅಂದರೆ ನನಗೆ ಚಿಕ್ಕಂದಿನಿಂದಲೂ ನೀರು ಕುಡಿದಷ್ಟು ಸಲೀಸು ಎಂದು ಇದೇ ಅಂಕಣದಲ್ಲಿ ಎರಡು ಸಲ ಜಂಬ ಕೊಚ್ಚಿದ್ದೇನೆ. ಕ್ಷಮಿಸಿ, ಶುದ್ಧ ಸುಳ್ಳು.

ನಾನು ನೋಡಿದ್ದು ಒಂದೇ ಒಂದು, ಏಳನೇ ಕ್ಲಾಸಿನಲ್ಲಿ. ಅದೂ ನೋಡಿದ್ದಲ್ಲ, ಕೇಳಿದ್ದು! ಹಿರಿಯೂರಿನ ಗೆಳತಿ ವನಜಳ ಅಪ್ಪನದು ತೆಂಗಿನಕಾಯಿ ಮಂಡಿ. ಕಾಯಿ ಸುಲಿಯುವ ಹಾರೆ ಅವರ ಅಂಗಳದಲ್ಲೇ ನೆಟ್ಟಿತ್ತು. ಒಂದು ಭಾನುವಾರ ಮಧ್ಯಾಹ್ನ ದೊಡ್ಡವರೆಲ್ಲ ಮದುವೆಗೆ ಹೋಗಿದ್ದಾಗ ಅವಳ ಅಣ್ಣ ಬಚ್ಚಿಟ್ಟಿದ್ದ ಇಂಗ್ಲಿಷ್ ಕ್ಯಾಸೆಟ್ ಹಾಕಿದೆವು. ಹಿಮ ಬೀಳುವ ಊರು. ಮೊದಲ ಹೆಣ ಬಿದ್ದದ್ದೇ ನಾನು ದಿಂಬಿನಲ್ಲಿ ಮುಖ ಹುದುಗಿಸಿದೆ. ಕೊನೆತನಕ ಎತ್ತಲಿಲ್ಲ. ವನಜಳೇ ಕಿವಿಯಲ್ಲಿ ರನ್ನಿಂಗ್ ಕಾಮೆಂಟ್ರಿ ಕೊಟ್ಟಳು.

"ಹೆದರ್‌ಬ್ಯಾಡ ಕಣೇ. ಹುಡುಗಿ ಕೊಟ್ಟಿಗೆ ಒಳಗೆ ಓಡಿದ್ಲು... ಅಲ್ಲಿ ಕಾಯಿ ಸುಲಿಯೋ ಹಾರೆ ಐತೆ... ಕಿತ್ಕಂಡ್ಲು... ಹಾಕಿದ್ಲು ನೋಡು ಒಂದು! ಬಿದ್ದ ನನ್ಮಗ!"

ಆ ಹಾರೆ ಹುಡುಗಿ ನನ್ನ ಜೊತೆಗೇ ಬೆಳೆದಳು. ಚಿತ್ರದುರ್ಗಕ್ಕೆ ಕಾಲೇಜಿಗೆ ಹೋಗುವಾಗ ರಶ್ ಬಸ್ಸಿನಲ್ಲಿ ಒಬ್ಬ ಬೇಕಂತಲೇ ಮೈಮೇಲೆ ಬಿದ್ದ. ನೆನಪಾದದ್ದು ಅವಳೇ. ತಿರುಗಿ ಕಾಲರ್ ಹಿಡಿದೆ, ಐಮಂಗಲದಲ್ಲಿ ಬಸ್ ನಿಲ್ಲಿಸಿ ಇಳಿಸಿದೆ. ನನ್ನಂಥ ಪುಕ್ಕಲಿಗೆ ಎಲ್ಲಿಂದ ಬಂತು ಈ ಧೈರ್ಯ ಎಂದು ಕೇಳಿದವರಿಗೆಲ್ಲ ಆ ಸಿನಿಮಾ ಕಥೆಯನ್ನೇ ಹೇಳಿದ್ದೇನೆ.

ಕಳೆದ ವಾರ ಆ ಸಿನಿಮಾ ಫೋನಿನಲ್ಲೇ ಸಿಕ್ಕಿತು. ಅದೇ ಮುಖವಾಡ! ಕುಣಿದುಕೊಂಡು ಹಿರಿಯೂರಿಗೆ ಹೋದೆ. ಅಪ್ಪನ ಮಂಡಿಯನ್ನು ಈಗ ವನಜಳೇ ನಡೆಸುತ್ತಾಳೆ.

"ಬ್ಯಾಡ ಬಿಡೇ, ಹಳೇದೇನ್ ನೋಡ್ತೀಯ, ಊಟ ಮಾಡಾಣ ಬಾ" ಎಂದು ಜಾರಿಕೊಳ್ಳಲು ನೋಡಿದಳು. ಬಿಡಲಿಲ್ಲ. ಈ ಸಲ ಕಣ್ಣು ಬಿಟ್ಟುಕೊಂಡೇ ಕೂತೆ.

ಕೊಟ್ಟಿಗೆ ಬಂತು. ಹಾರೆ ಬರಲಿಲ್ಲ. ಹುಡುಗಿ ಹುಲ್ಲಿನ ಹಿಂದೆ ಕೂತು ಅತ್ತಳು, ಅವನು ಬಂದ, ಅವಳು ಸತ್ತಳು. ಸಿನಿಮಾ ಮುಗಿಯಿತು.

ಹಾಗಾದರೆ ಬಸ್ಸಿನಲ್ಲಿ ನನ್ನ ಬೆನ್ನಿಗೆ ನಿಂತವಳು ಯಾರು? ಅಲ್ಲ, ಹಿಮ ಬೀಳುವ ಊರಿನಲ್ಲಿ ತೆಂಗಿನಕಾಯಿ ಎಲ್ಲಿಂದ ಬರಬೇಕು? ಇಷ್ಟು ವರ್ಷ ನನಗೆ ಆ ಅನುಮಾನವೇ ಬಂದಿಲ್ಲ! (ಇಂಥವಳ ಕೈಗೆ ಅಂಕಣ ಕೊಟ್ಟಿದ್ದಾರೆ.)

"ಯಾಕೇ ಸುಳ್ಳು ಹೇಳ್ದೆ?" ಎಂದೆ.

"ಇನ್ನೇನ್ ಮಾಡ್ಲಿ? ಗಡಗಡ ನಡುಗ್ತಿದ್ದೆ ನೀನು. ನನ್ ಕೈಗೆ ಉಗುರು ನೆಟ್ಕಂಡು ಕುಂತಿದ್ದೆ. ಅವಳು ಸತ್ಲು ಅಂದಿದ್ರೆ ನೀನೂ ಅಲ್ಲೇ ಹೋಗ್ಬಿಡ್ತಿದ್ದೆ."

"ನೀನು ಪೂರ್ತಿ ನೋಡಿದ್ಯಲ್ಲ, ನಿಂಗೆ ಹೆದರಿಕೆ ಆಗ್ಲಿಲ್ವಾ?"

"ಮೂರು ದಿನ ಜ್ವರ ಬಂದು ಮಲಗಿದ್ನಲ್ಲೇ, ಮರ್ತೋಯ್ತಾ?"

ಮರೆತಿರಲಿಲ್ಲ. ಎಳನೀರು ಜಾಸ್ತಿ ಕುಡಿದೆ, ಅದಕ್ಕೇ ಜ್ವರ ಎಂದಿದ್ದಳು. ಅದನ್ನೂ ನಂಬಿದ್ದೆ.

ಹನ್ನೆರಡು ವರ್ಷದ ಹುಡುಗಿ ಹೆದರಿಕೆಯನ್ನೆಲ್ಲ ತಾನೊಬ್ಬಳೇ ನುಂಗಿಕೊಂಡು, ನನ್ನ ಕಿವಿಗೆ ಧೈರ್ಯವನ್ನಷ್ಟೇ ಹಾಕಿದ್ದಳು. ಇವಳು ನನ್ನ ಗೆಳತಿ ಎಂದು ಹೇಳಿಕೊಳ್ಳಲು ನನಗೆಷ್ಟು ಹೆಮ್ಮೆ ಗೊತ್ತಾ? ಅಲ್ಲೇ ತಬ್ಬಿಕೊಂಡು ಅತ್ತೆ.

"ಥೂ, ಸುಮ್ನಿರೇ, ಕೆಲಸದೋರು ನೋಡ್ತಾರೆ" ಎಂದು ಬೈದಳು. ಅವಳ ಕಣ್ಣೂ ಒದ್ದೆಯಾಗಿತ್ತು.

ಆ ಸಿನಿಮಾ ಯಾವ ದೊಡ್ಡ ಡೈರೆಕ್ಟರದ್ದೋ ನಾನು ನೋಡಲಿಲ್ಲ. ನನ್ನ ಡೈರೆಕ್ಟರ್ ಹಿರಿಯೂರಿನಲ್ಲಿ ಕಾಯಿ ಮಂಡಿ ನಡೆಸುತ್ತಾಳೆ, ಅವಳಿಗಿಂತ ಒಳ್ಳೇ ಕ್ಲೈಮ್ಯಾಕ್ಸ್ ಯಾರಾದರೂ ತೆಗೆದಿದ್ದರೆ ತೋರಿಸಿ, ನೋಡೇಬಿಡೋಣ!