ಹೋರಿಗಾಗಿ ಬಡಿದ ಡಬ್ಬಿ

ಲಡಾಯಿ ಮುಗಿದ ಮರುವರ್ಷ ನನ್ನ ಗಂಡ ಬರ್ಮಾದಿಂದ ಚಿಕ್ಕೇರೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದರು. ಕೈಕಾಲು ನೆಟ್ಟಗಿದ್ದವು, ಎಲ್ಲರೂ ‘ದೇವರು ದೊಡ್ಡವನು’ ಎಂದರು. ಆದರೆ ಒಂದು ಕೊಡ ಉರುಳಿದರೆ ಸಾಕು, ಇವರು ದನದ ಕೊಟ್ಟಿಗೆ ಸೇರಿ ಮೇವಿನ ಗ್ವಾದಲಿಯ ಹಿಂದೆ ಕೂತುಬಿಡುತ್ತಿದ್ದರು. ಅತ್ತೆ ಹುಲಗೂರು ದರ್ಗಾದವರೆಗೂ ಹರಕೆ ಹೊತ್ತರು. ನನಗಂತೂ ಸಿಟ್ಟೇ ಬರುತ್ತಿತ್ತು. ಮದುವೆಯಾದ ಎರಡೇ ತಿಂಗಳಿಗೆ ಪಲ್ಟನ್ನಿಗೆ ಹೋದವರು, ಈಗ ಬಂದರೂ ಕೊಟ್ಟಿಗೆಯ ಎಳೆ ಹೋರಿಯ ಜೊತೆಗೇ ಸಂಸಾರ!

ಆ ಹೋರಿ ದೀಪಾವಳಿಗೆ ಮೊದಲ ಸಲ ಓಡಬೇಕಿತ್ತು. ನಮ್ಮ ಕಡೆ ಆ ಹಬ್ಬಕ್ಕೆ ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ, ಹಲಗೆ ಬಾರಿಸಿ, ಕೇಕೆ ಹಾಕಿ, ಬೆದರಿಸಿ ಜನರ ನಡುವೆ ಬಿಡುತ್ತಾರೆ. ಕೊಬ್ಬರಿ ಹರಿದುಕೊಂಡವನು ಶೂರ, ಯಾರ ಕೈಗೂ ಸಿಗದೆ ಓಡಿದರೆ ಹೋರಿಯೇ ಶೂರ. ಗದ್ದಲ ರೂಢಿಯಿಲ್ಲದ ಹೋರಿ ಗಕ್ಕನೆ ನಿಂತಿತೋ, ಮನೆತನದ ಮರ್ಯಾದೆ ಹೋಯಿತು. ಒಂದು ದಿನ ಕೊಟ್ಟಿಗೆಯೊಳಗಿಂದ ದನಿ ಬಂತು: “ಇದಕ್ಕ ಸಪ್ಪಳ ರೂಢಿ ಆಗಬೇಕು. ಒಂದು ಡಬ್ಬಿ ತಗೊಂಡ್ ಬಾ. ಈ ಸಲ ನಾನ ಹೋರಿ ಬಿಡ್ತೇನಿ.”

ಊರಿಗೆ ಬಂದ ಮೇಲೆ ಇವರು ಆಡಿದ ಅತಿ ಉದ್ದದ ಮಾತು ಅದು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಖಾಲಿ ಚಿಮಣಿ ಎಣ್ಣೆ ಡಬ್ಬಿ ಹಿಡಿದು ಓಡಿದೆ, ಪಕ್ಕದಲ್ಲೇ ನಿಂತು ಸೌಟಿನಿಂದ ಬಾರಿಸಿದೆ ನೋಡಿ, ಹೋರಿ ಹಗ್ಗ ಜಗ್ಗಿತು, ಇವರು ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದರು. ಹಿಗ್ಗಿನಲ್ಲಿ ಬುದ್ಧಿ ಕಳೆದುಕೊಂಡಿದ್ದೆ. ನಾಚಿಕೆಯಿಂದ ಅಳು ಬಂತು. ಇವರು ಎದ್ದು ಕೂತು ಅಂದರು, “ಬಾವಿ ಹತ್ರ ನಿಂತು ಬಡಿ. ಮೆಲ್ಲಕ.”

ಮರುದಿನ ಬಾವಿಕಟ್ಟೆಯಿಂದ ಬಡಿದೆ. ಇವರು ಹೋರಿಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತರು. ದಿನಕ್ಕೆರಡು ಹೆಜ್ಜೆ ಮುಂದೆ ಬಂದೆ. ಬಾವಿ ದಾಟಿ ಬಣವೆ, ಬಣವೆ ದಾಟಿ ಹಿತ್ತಲ ಬಾಗಿಲು. ಹೋರಿ ನಾಲ್ಕೇ ದಿನಕ್ಕೆ ಕಿವಿ ಅಲ್ಲಾಡಿಸುವುದನ್ನೂ ಬಿಟ್ಟು ಮೇವು ತಿನ್ನತೊಡಗಿತು. ಆದರೂ ಇವರು “ನಾಳೆನೂ ಬಡಿ” ಎಂದರು. ಸಪ್ಪಳ ರೂಢಿಯಾಗಬೇಕಾದದ್ದು ಹೋರಿಗಷ್ಟೇ ಅಲ್ಲ ಎಂದು ನನ್ನ ಮಂದ ತಲೆಗೆ ಹೊಳೆದದ್ದು ಆಗ. ಸೌಟು ಸೊಟ್ಟಗಾಯಿತು, ಅತ್ತೆ ಬೈದರು, ನಾನು ಬಿಡಲಿಲ್ಲ. ಹಬ್ಬದ ಮುನ್ನಾದಿನ ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತು ಬಡಿದೆ. ಇವರು ಹೋರಿಯ ಕುತ್ತಿಗೆ ಬಿಗಿಯಾಗಿ ಹಿಡಿದರು, ಕಾಲು ಕದಲಲಿಲ್ಲ.

ಹಬ್ಬದ ದಿನ ಊರೆಲ್ಲ ಬೀದಿಯಲ್ಲಿ, ಹೆಂಗಸರು ಮಾಳಿಗೆ ಮೇಲೆ. ನಾನು ಸೆರಗಿನಡಿ ಡಬ್ಬಿ, ಸೌಟು ಬಚ್ಚಿಟ್ಟುಕೊಂಡಿದ್ದೆ. ಇವರು ಹೋರಿ ಹಿಡಿದು ಬಂದರು. ಊರೆದುರು ಬಿದ್ದರೆ ಇನ್ನೆಂದೂ ಕೊಟ್ಟಿಗೆ ಬಿಟ್ಟು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಲಗೆ ಶುರುವಾಯಿತು, ಯಾರೋ ಪಟಾಕಿ ಹಚ್ಚಿದರು. ಇವರು ಕುಸಿದು ಮೊಣಕಾಲೂರಿದರು. ಕೈ ಕಿವಿಯತ್ತ ಹೋಯಿತು.

ಡಬ್ಬಿ ಹೊರತೆಗೆದು ಬಡಿದೆ! ದಿನಾ ಬಡಿಯುತ್ತಿದ್ದ ಅದೇ ತಾಳದಲ್ಲಿ, ಇದ್ದ ಬಲವನ್ನೆಲ್ಲ ಹಾಕಿ. “ನಾಚಿಕಿ ಐತೇನ ನಿನಗ!” ಎಂದು ಅತ್ತೆ ಸೆರಗು ಜಗ್ಗಿದರು. ಇರಲೇ ಇಲ್ಲ! ಇವರು ತಲೆ ಎತ್ತಿದರು, ಹೋರಿಯ ಕುತ್ತಿಗೆ ಹಿಡಿದು ಎದ್ದರು, ಹಗ್ಗ ಬಿಟ್ಟರು. ಹೋರಿ ಓಡಿತು ನೋಡಿ, ಒಬ್ಬನ ಕೈಗೂ ಒಂದು ಚೂರು ಕೊಬ್ಬರಿ ಸಿಗಲಿಲ್ಲ.

ಸಂಜೆ ಹೋಳಿಗೆ ಬಡಿಸುತ್ತ ಕೇಳಿದೆ, “ಅಷ್ಟು ಗದ್ದಲದಾಗ ನನ್ನ ಡಬ್ಬಿ ಕೇಳಿಸ್ತೇನ್ರಿ?”

“ಅದೊಂದ ಕೇಳಿಸ್ತು,” ಅಂದರು.