ಗಂಡನ ಬಾಯಲ್ಲಿ ಡಾಕ್ಟರ ಮಾತು

ದುಬೈಯ ಊದ್ ಮೇಥಾದ ಒಂದು ಶಾಲೆಯಲ್ಲಿ ನಾನು ತುಂಬ ವರ್ಷ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನವರಿಗೆ ಅಬುಧಾಬಿಗೆ ವರ್ಗವಾದಾಗ ಆ ಕೆಲಸ ಬಿಡಬೇಕಾಯಿತು. ಸುಮ್ಮನೆ ಕೂರಲಾಗದೆ ಬೆಳಗಿನ ಹೊತ್ತು ಮನೆಯಲ್ಲೇ ದೊಡ್ಡವರಿಗೆ ಪಾಠ ಹೇಳತೊಡಗಿದೆ. ಬರುತ್ತಿದ್ದವರಲ್ಲಿ ಹೆಚ್ಚಿನವರು ಗಂಡಂದಿರ ಕೆಲಸದ ಬೆನ್ನಿಗೆ ಇಲ್ಲಿಗೆ ಬಂದ ಹೆಂಗಸರು. ಅವರಲ್ಲಿ ಸ್ಪೇನ್ ದೇಶದವರೊಬ್ಬರಿದ್ದರು. ವಯಸ್ಸು ಐವತ್ತು ದಾಟಿತ್ತು. ಗಂಡ ಬಂದರಿನಲ್ಲಿ ಹಡಗು ರಿಪೇರಿಯ ಮೇಲ್ವಿಚಾರಕ.

ಮೊದಲ ದಿನ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದೆ. ಇಂಗ್ಲಿಷ್ ಯಾಕೆ ಬೇಕು?

ಆಕೆ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: “ನನ್ನ ಗಂಡನಿಗೆ ಹೋದ ವರ್ಷ ಹೊಟ್ಟೆಯ ಆಪರೇಷನ್ ಆಯ್ತು. ಪ್ರತಿ ಸಲ ಆಸ್ಪತ್ರೆಗೆ ನಾನೂ ಹೋಗ್ತೇನೆ. ಡಾಕ್ಟರು ತುಂಬ ಹೊತ್ತು ಮಾತಾಡ್ತಾರೆ. ನನ್ನ ಗಂಡ ಅದನ್ನು ಒಂದೇ ಮಾತಲ್ಲಿ ಮುಗಿಸ್ತಾರೆ, ‘ಎಲ್ಲ ಸರಿಯಿದೆಯಂತೆ’ ಅಂತ.”

ವಾರಕ್ಕೆ ಮೂರು ದಿನ ಬಂದರು. ಬುದ್ಧಿ ಚುರುಕು, ನಾಲಿಗೆ ಮಾತ್ರ ತಡವರಿಸುತ್ತಿತ್ತು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ತಲುಪಿಸುವ ಪಾಠಕ್ಕೆ ಬಂದಾಗ ಕಷ್ಟವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ನಮ್ಮ ಕಡೆಯ ಮಕ್ಕಳಿಗೆ ಅದು ದೊಡ್ಡ ತಲೆನೋವು. ಕನ್ನಡದಲ್ಲಿ ‘ನಾಳೆ ಬರ್ತೇನೆ ಅಂತ ಹೇಳಿದ’ ಎನ್ನುತ್ತೇವೆ. ಅವನ ಮಾತು ಹೇಗಿತ್ತೋ ಹಾಗೇ ಉಳಿಯುತ್ತದೆ, ‘ಅಂತ’ ಒಂದು ಸೇರಿಸಿದರೆ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗಲ್ಲ. ‘ಐ ಆಮ್ ಟಯರ್ಡ್’ ಎಂದವಳ ಮಾತನ್ನು ಹೇಳುವಾಗ ‘ಶಿ ಸೆಡ್ ಶಿ ವಾಸ್ ಟಯರ್ಡ್’ ಆಗಬೇಕು. ವರ್ತಮಾನವೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಆಕೆಗೆ ಇದು ಸಲೀಸಾಗಿ ಬಂತು. “ನಮ್ಮ ಭಾಷೆಯಲ್ಲೂ ಹೀಗೇ,” ಎಂದರು. ಎಡವುತ್ತಿದ್ದದ್ದು ಬೇರೆ ಕಡೆ. ಸ್ಪ್ಯಾನಿಷಿನ ಅಭ್ಯಾಸದಲ್ಲಿ ‘ಹಿ ಸೆಡ್ ಮಿ’ ಎಂದುಬಿಡುತ್ತಿದ್ದರು. ‘ಹಿ ಟೋಲ್ಡ್ ಮಿ’ ಎಂದು ಎಷ್ಟು ತಿದ್ದಿದರೂ ಅದೇ. ಪ್ರಶ್ನೆಯನ್ನು ತಲುಪಿಸುವಾಗಲೂ ‘ವೇರ್ ಐ ವಾಸ್’ ಎನ್ನುವ ಬದಲು ‘ಹಿ ಆಸ್ಕ್ಡ್ ಮಿ ವೇರ್ ವಾಸ್ ಐ’ ಎಂದು ಪ್ರಶ್ನೆಯಾಗಿಯೇ ಬಿಡುತ್ತಿದ್ದರು.

ಪುಸ್ತಕ ಬೇಸರವಾದಾಗ ಇಬ್ಬರೂ ಅಲ್ ಮೀನಾದ ಮೀನು ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಆಕೆಯದು ಸ್ಪೇನಿನ ಉತ್ತರದ ಸಮುದ್ರ ದಂಡೆಯ ಊರು, ನನ್ನದು ಮಲ್ಪೆಯ ಹತ್ತಿರ. ಬೂತಾಯಿ ಮೀನು ಕಂಡರೆ ಇಬ್ಬರಿಗೂ ಕಾಲು ಮುಂದೆ ಹೋಗುವುದಿಲ್ಲ. ಮಾರುವವನ ಹತ್ತಿರ ಆಕೆ ಮಾತಾಡಬೇಕು, ಆಮೇಲೆ ಅವನು ಹೇಳಿದ್ದನ್ನು ನನಗೆ ಹೇಳಬೇಕು, ಅದೇ ಪಾಠ. ಒಮ್ಮೆ ನೆಟ್ಟಗೆ ನಿಂತು, ಮೀನು ಬೆಳಿಗ್ಗೆ ಬಂದಿತ್ತೆಂದು ಅವನು ಹೇಳಿದನೆಂದು ಒಂದೂ ತಪ್ಪಿಲ್ಲದೆ ಒಪ್ಪಿಸಿದರು. ಆಮೇಲೆ ಕಿವಿರು ಎತ್ತಿ ನೋಡಿ, “ಇದು ನಿನ್ನೆಯದು ಟೀಚರ್,” ಎಂದರು. ಇಬ್ಬರೂ ನಕ್ಕೆವು. ಆಕೆ ಮನಸಾರೆ ನಕ್ಕಿದ್ದನ್ನು ನಾನು ಮತ್ತೆ ನೋಡಿದ ನೆನಪಿಲ್ಲ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಪಾಠಕ್ಕೆ ಬಂದವರು ಪುಸ್ತಕ ತೆಗೆಯಲಿಲ್ಲ. ಚಹಾ ಕೊಟ್ಟೆ, ಮುಟ್ಟಲಿಲ್ಲ.

“ನಿನ್ನೆ ಆಸ್ಪತ್ರೆಗೆ ಹೋಗಿದ್ದೆವು,” ಎಂದರು. “ನನಗೆ ಎಲ್ಲ ಅರ್ಥವಾಯ್ತು.”

ಆಮೇಲೆ ಒಂದೊಂದೇ ವಾಕ್ಯ, ನಿಧಾನವಾಗಿ. ಕಾಯಿಲೆ ಯಕೃತ್ತಿಗೂ ಹರಡಿದೆ ಎಂದು ತಾನು ಗಂಡನಿಗೆ ಮೊದಲೇ ತಿಳಿಸಿದ್ದೆ ಎಂದರಂತೆ ಡಾಕ್ಟರು. ಇನ್ನು ಮಾಡಬಹುದಾದದ್ದು ನೋವು ಕಡಿಮೆ ಮಾಡುವುದು ಮಾತ್ರ ಎಂದರಂತೆ. ಕೊನೆಗೆ ಈಕೆಯ ಕಡೆ ನೋಡಿ ಗಂಡನಿಗೆ ಏನೋ ಕೇಳಿದರಂತೆ. ಅದನ್ನು ಹೇಳುವಾಗ ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು: “ದಿ ಡಾಕ್ಟರ್ ಆಸ್ಕ್ಡ್ ಹಿಮ್ ಇಫ್ ಹಿ ಹ್ಯಾಡ್ ಟೋಲ್ಡ್ ಹಿಸ್ ವೈಫ್.”

ತಿದ್ದಲು ಏನೂ ಇರಲಿಲ್ಲ. ಹೆಂಡತಿಗೆ ಹೇಳಿದ್ದೀರಾ ಎಂದು ಡಾಕ್ಟರು ಕೇಳಿದ್ದರು.

“ಅವರೇನಂದ್ರು?” ಎಂದೆ.

“ಡಾಕ್ಟರಿಗೆ, ‘ಹೌದು, ಅವಳಿಗೆ ಗೊತ್ತು’ ಅಂದ್ರು. ಆಮೇಲೆ ನನ್ನ ಕಡೆ ತಿರುಗಿ ನಮ್ಮ ಭಾಷೆಯಲ್ಲಿ, ‘ನೀನು ನನಗೆ ಸರಿಯಾಗಿ ಊಟ ಹಾಕ್ತೀಯಾ ಅಂತ ಕೇಳ್ತಿದ್ದಾರೆ’ ಅಂದ್ರು.”

“ನೀವು?”

“ಹಾಕ್ತೇನೆ ಅಂತ ಹೇಳಿ ಅಂದೆ.”

ನಿಮಗೆ ಗೊತ್ತಾಗಿದೆ ಎಂದು ಗಂಡನಿಗೆ ಹೇಳಿಬಿಡಿ, ಇಬ್ಬರೂ ಕೂತು ಅಳುವುದಾದರೂ ಆಗುತ್ತದೆ ಎಂದೆ. ಆಕೆ ಬೇಡವೆಂದು ತಲೆಯಾಡಿಸಿದರು. “ನನ್ನ ಮುಂದೆ ಅವರಿಗೆ ಕಾಯಿಲೆ ಇಲ್ಲ ಟೀಚರ್. ಅವರು ಆರಾಮಾಗಿರೋದು ನನ್ನ ಹತ್ತಿರ ಮಾತ್ರ. ಅದನ್ನೂ ಯಾಕೆ ಕಿತ್ತುಕೊಳ್ಳಲಿ?”

ನನ್ನವರಿಗೆ ಹೇಳಿದಾಗ, “ಗಂಡ ಹೆಂಡತಿ ಮಧ್ಯೆ ನೀನು ಎಂತಕ್ಕೆ ಹೋಗ್ತಿ ಮಾರಾಯ್ತಿ?” ಎಂದರು.

ಸೆಕೆ ಏರುವ ಹೊತ್ತಿಗೆ ಆ ಮನುಷ್ಯ ಆಸ್ಪತ್ರೆ ಸೇರಿದರು. ನೋಡಲು ಹೋದೆ. ದೊಡ್ಡ ಆಳು, ಮಂಚದ ಮೇಲೆ ಅಂಗಿಯೊಳಗೆ ಕರಗಿಹೋದಂತೆ ಕಾಣುತ್ತಿದ್ದರು. ಆಕೆ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ಗಂಡ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ಒಳ್ಳೆಯ, ಸ್ವಚ್ಛ ಇಂಗ್ಲಿಷ್. “ನನ್ನ ಹೆಂಡತಿಯ ಪಾಠ ಎಲ್ಲಿಗೆ ಬಂತು?” ಎಂದು ಕೇಳಿದರು. “ಡಾಕ್ಟರು ಮಾತಾಡೋದು ಅವಳಿಗೆ ಅರ್ಥವಾಗ್ತದಾ?”

ಆಕೆಯ ಕೈ ನಿಂತಿತು. ತಲೆಯೆತ್ತಲಿಲ್ಲ.

“ಇಲ್ಲ,” ಎಂದೆ. “ಇನ್ನೂ ತುಂಬ ಸಮಯ ಬೇಕು. ನಿಧಾನ.”

“ಪರವಾಗಿಲ್ಲ, ಅವಸರ ಇಲ್ಲ,” ಎಂದು ಅವರು ದಿಂಬಿಗೆ ಒರಗಿದರು. ಮುಖ ಹಗುರಾದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆಕೆ ಮತ್ತೆ ಕಿತ್ತಳೆ ಸುಲಿಯತೊಡಗಿದರು. ಲಿಫ್ಟಿನ ತನಕ ನನ್ನನ್ನು ಬಿಡಲು ಬಂದವರು ನನ್ನ ಮೊಣಕೈ ಒಮ್ಮೆ ಒತ್ತಿ ಹಿಂದಿರುಗಿದರು.

ಕೆಲವೇ ದಿನಗಳಲ್ಲಿ ಆಕೆಯ ಗಂಡ ತೀರಿಕೊಂಡರು. ದೇಹವನ್ನು ಊರಿಗೆ ಕಳಿಸುವ ಓಡಾಟ ಕಂಪನಿಯವರು ನೋಡಿಕೊಂಡರು. ಆಕೆ ಹೊರಡುವ ಮುಂಚೆ ನಾನು ಅವರ ಮನೆಗೆ ಹೋದೆ. ಪಾತ್ರೆಗಳು ಪೆಟ್ಟಿಗೆ ಸೇರಿದ್ದವು, ಗೋಡೆಗಳು ಬೋಳಾಗಿದ್ದವು. ಇಬ್ಬರೂ ನೆಲದ ಮೇಲೆ ಕೂತೆವು.

“ಕೊನೆಯ ದಿನ ಅವರು ನನ್ನನ್ನು ಕೇಳಿದ್ರು,” ಎಂದರು. “‘ನಿನಗೆ ಗೊತ್ತಿತ್ತಾ?’ ಅಂತ. ನಾನು ‘ಏನು?’ ಅಂದೆ. ಅವರು ಕಣ್ಣು ಮುಚ್ಚಿ ಮಲಗಿಬಿಟ್ರು. ನಾನು ಹೌದು ಅನ್ನಬೇಕಿತ್ತಾ ಟೀಚರ್?”

ಕೆಳಗೆ ಟ್ಯಾಕ್ಸಿ ಬಂದು ಹಾರ್ನ್ ಮಾಡಿತು, ನಾನು ಎದ್ದು ಆಕೆಯ ಕೈಚೀಲ ಎತ್ತಿಕೊಂಡೆ.

ಆಮೇಲೆ ಒಮ್ಮೆ ಊರಿನಿಂದ ಫೋನ್ ಮಾಡಿದರು. ಅಕ್ಕನ ಜೊತೆ ಇದ್ದೇನೆ ಎಂದರು, ಮಳೆ ಎಂದರು. ನಡುನಡುವೆ ಪದಗಳಿಗೆ ತಡಕಾಡುತ್ತಿದ್ದರು. ಇಲ್ಲಿ ಮಾತಾಡಲು ಯಾರೂ ಇಲ್ಲ, ನಿಮ್ಮ ಇಂಗ್ಲಿಷ್ ಮರೆತುಹೋಗ್ತಾ ಇದೆ ಟೀಚರ್ ಎಂದು ಬೇಸರಪಟ್ಟರು. ಮರೆತುಹೋಗಲಿ ಎಂದು ಹೇಳಬೇಕೆನ್ನಿಸಿತು. ಹೇಳದೆ, ಆರೋಗ್ಯ ನೋಡಿಕೊಳ್ಳಿ ಎಂದೆ.