ಕರುಳಿನ ಒಳಪದರ

ಮೊದಲು ಕಂಡದ್ದು ಕಪ್ಪು. ಡಾಂಬರಿನಂಥ, ಅಂಟಂಟಾದ ಮಲ. ಹೇಳಲು ನಾಚಿಕೆ. ಹೊಟ್ಟೆನೋವೂ ಇರಲಿಲ್ಲವಲ್ಲ, ಸುಮ್ಮನಿದ್ದೆ.

ಶಂಕರಪುರದ ನಮ್ಮ ಹಿತ್ತಿಲಲ್ಲಿ ಮಾರಲು ಬೆಳೆದ ಮಲ್ಲಿಗೆಯ ಮೊಗ್ಗು ಕೊಯ್ಯುತ್ತಿದ್ದಾಗ ಕಣ್ಣು ಕತ್ತಲಿಟ್ಟಿತು. ಗಿಡದ ಮೇಲೆಯೇ ಬಿದ್ದೆನಂತೆ. ಗಂಡ ಸ್ಟ್ಯಾನಿ ಕಾರು ತಂದು, ನನ್ನನ್ನು ಎತ್ತಿ ಮಲಗಿಸಿ, ಮಣಿಪಾಲಕ್ಕೆ ಓಡಿಸಿದರು.

ಎಮರ್ಜೆನ್ಸಿಯಲ್ಲಿ ರಿಪೋರ್ಟ್ ನೋಡಿದ ಲೇಡಿ ಡಾಕ್ಟರ್ ಸ್ಟ್ಯಾನಿಯನ್ನು ಹತ್ತಿರ ಕರೆದರು.

"ಒಳಗೆ ಬ್ಲೀಡಿಂಗ್ ಆಗ್ತಾ ಉಂಟು. ರಕ್ತ ಕೊಡಬೇಕು. ಕೂಡಲೇ ಎಂಡೋಸ್ಕೋಪಿ ಮಾಡಬೇಕು."

ನಾನು ಸಾಯುತ್ತೇನೆ ಎಂದುಕೊಂಡೆ.

"ನೋವಿನ ಮಾತ್ರೆ ತಗೊಳ್ತೀರಾ?" ಎಂದು ಅವರು ನನ್ನನ್ನು ಕೇಳಿದರು.

"ಬೆರಳಿನ ಗಂಟು ನೋವುಂಟು ಡಾಕ್ಟ್ರೇ. ಮಾತ್ರೆ ಇಲ್ಲದಿದ್ರೆ ಹೂ ಕಟ್ಲಿಕ್ಕೆ ಆಗುದಿಲ್ಲ. ಅಪರೂಪಕ್ಕೆ ಒಂದು."

"ಅಪರೂಪಕ್ಕಲ್ಲ, ಮದುವೆ ಸೀಸನ್‌ನಲ್ಲಿ ದಿನಾ," ಎಂದರು ಸ್ಟ್ಯಾನಿ. ಅವರು ಗಮನಿಸಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಹೊಟ್ಟೆ ಮುಗಿದು ಸಣ್ಣ ಕರುಳು ಶುರುವಾಗುವಲ್ಲಿ ಹುಣ್ಣಾಗಿತ್ತು. ರಕ್ತ ಸುರಿಯುತ್ತಿದ್ದ ನಾಳಕ್ಕೆ ಕ್ಲಿಪ್ ಹಾಕಿದರು. ಮಲ ಕಪ್ಪಾದದ್ದು ಆ ರಕ್ತದಿಂದಲೇ ಅಂತೆ.

ಮರುದಿನ ರೌಂಡ್ಸ್‌ಗೆ ಬಂದ ಡಾಕ್ಟರ್ ಮಂಚದ ಪಕ್ಕ ನಿಂತು ಬಿಡಿಸಿ ಹೇಳಿದರು. ಹೊಟ್ಟೆಯ ಆಸಿಡ್ ಕರುಳಿಗೆ ಇಳಿದಾಗ ಒಳಪದರ ಲೋಳೆ ಹೊದ್ದುಕೊಳ್ಳುತ್ತದೆ, ಆಸಿಡ್ಡಿನ ಉರಿ ತಗ್ಗಿಸುವ ಕ್ಷಾರ ಸುರಿಸುತ್ತದೆ, ಸವೆದಲ್ಲಿ ಹೊಸ ಕೋಶ ಬೆಳೆಸುತ್ತದೆ. ಇದನ್ನೆಲ್ಲ ನಡೆಸುವ ರಾಸಾಯನಿಕವೇ ಗಂಟಿನಲ್ಲಿ ನೋವನ್ನೂ ಹೆಚ್ಚಿಸುತ್ತದೆ.

"ನಿಮ್ಮ ಮಾತ್ರೆ ಎರಡು ಕಡೆಯೂ ಅದನ್ನು ನಿಲ್ಲಿಸಿತು. ನೋವು ಹೋಯ್ತು, ಕರುಳಿನ ರಕ್ಷಣೆಯೂ ಹೋಯ್ತು. ಇನ್ನು ಆ ಮಾತ್ರೆ ಮುಟ್ಟಬಾರದು."

ರಕ್ತ ಹೋದಾಗ ಅಳದ ನಾನು ಆಗ ಅತ್ತೆ. ಊಟ ಮಾಡಿದಾಗ, ಹಸಿದಾಗ, ನಿದ್ದೆಯಲ್ಲೂ ನನ್ನನ್ನು ಕಾಯುತ್ತಿದ್ದ ಒಂದು ತೆಳು ಪದರ ನನ್ನೊಳಗೇ ಇತ್ತೆಂದು ತಿಳಿದದ್ದು ಅದು ತೂತಾದ ಮೇಲೆ. ಆದರೆ ದೊಡ್ಡ ಭಯ ಬೇರೆಯೇ ಇತ್ತು. ಮಾತ್ರೆಯಿಲ್ಲದೆ ಈ ಬೆರಳುಗಳು ಎಂತ ಮಾಡಿಯಾವು?

ಮನೆಗೆ ಬಂದ ಮೇಲೆ ಗಂಜಿ, ಆಸಿಡ್ ತಗ್ಗಿಸುವ ಕ್ಯಾಪ್ಸೂಲು, ಬೆರಳಿಗೆ ಮುಲಾಮು, ಬಿಸಿನೀರು. ಬೆಳಿಗ್ಗೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಮೊಗ್ಗು ಮಾತ್ರ ನನಗಾಗಿ ಕಾಯುವುದಿಲ್ಲವಲ್ಲ. ಮಸ್ಕತ್‌ನಲ್ಲಿ ಕ್ರೇನ್ ಓಡಿಸಿದ್ದ ಸ್ಟ್ಯಾನಿ ಒಂದು ದಿನ ಬಾಳೆನಾರು ಹಿಡಿದು ಕೂತರು. ಅವರು ಕಟ್ಟಿದ ಹೂ ಎತ್ತಿದರೆ ಉದುರುತ್ತಿತ್ತು. ಮೆಲ್ಲನೆ ಕಲಿತರು.

ಮೊನ್ನೆ ಪುನಃ ಎಂಡೋಸ್ಕೋಪಿ ಆಯಿತು. "ಹೊಸ ಪದರ ಬಂದಿದೆ, ಆದರೆ ಜಾಗ್ರತೆ," ಎಂದರು ಡಾಕ್ಟರ್. ದೇವರಿಗೆ ಸ್ತೋತ್ರ ಹೇಳಿದೆ. ಭಯ ಪೂರ್ತಿ ಹೋಗಿಲ್ಲ. ಶೌಚಕ್ಕೆ ಹೋದಾಗಲೆಲ್ಲ ಬಣ್ಣ ನೋಡುತ್ತೇನೆ.

ಇವತ್ತು ಬೆಳಿಗ್ಗೆ ಹೂ ಕಟ್ಟುವಾಗ ಸ್ಟ್ಯಾನಿ ಕೇಳಿದರು, "ಕೈ ನೋಯ್ತದಾ ಮಾರಾಯ್ತಿ?"

"ಹೌದು, ತುಂಬಾ," ಎಂದೆ.

ಅವರು ನನ್ನ ಮುಂದಿದ್ದ ಮೊಗ್ಗಿನ ರಾಶಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.